ಸ್ವಂತ ಸೇತುವೆ

ಮನೆ ಕಟ್ಟಿಸಿದವರು ಬಹು ಮಂದಿ. ಬಾವಿ ತೋಡಿಸಿದವರೂ ಉಂಟು. ಆದರೆ ಸ್ವಂತಕ್ಕೆಂದು ಸೇತುವೆ ಕಟ್ಟಿಸಿದವರನ್ನು ತಾವು ಬಲ್ಲಿರಾ? ನಾನು ಬಲ್ಲೆ. ಅವರು ನನ್ನ ದೊಡ್ಡಪ್ಪನವರು.

ಹೂವಿನಹಡಗಲಿ ತಾಲ್ಲೂಕಿನ ಮಾಗಳ ತುಂಗಭದ್ರೆಯ ದಡದ ಊರು. ಅಲ್ಲಿ ದೊಡ್ಡಪ್ಪನವರ ಹೊಲವನ್ನು ಹಳ್ಳವೊಂದು ಎರಡಾಗಿ ಸೀಳಿದೆ. ವರ್ಷದ ಬಹುಭಾಗ ಅದರಲ್ಲಿ ಬರಿಯ ಮರಳು. ಆದರೆ ದೊಡ್ಡ ಮಳೆ ಬಿದ್ದ ರಾತ್ರಿ ಎತ್ತುಗಳು ಆಚೆ, ಮೇವು ಈಚೆ.

ದೊಡ್ಡಪ್ಪನವರು ಮೂರು ಸಿಮೆಂಟ್ ಕೊಳವೆಗಳನ್ನು ಸಾಲಾಗಿ ಇಡಿಸಿ, ಮೇಲೆ ಮಣ್ಣು ತುಂಬಿಸಿದರು, ತೆಂಗಿನಕಾಯಿ ಒಡೆದರು. ಅನ್ಯರ ಬಂಡಿ ದಾಟದಿರಲೆಂದು ಅಡ್ಡಲಾಗಿ ಸರಪಳಿಯನ್ನೂ ಕಟ್ಟಿದರು. "ಇದು ನಮ್ಮ ಸ್ವಂತದ್ದು ತಮ್ಮಾ" ಎಂದಾಗ ಅವರ ಮುಖದಲ್ಲಿ ಅರಸುಕಳೆ ಇತ್ತು. ನಾನಾದರೋ ಎಂ.ಎ. ಓದಿದವನು, ತಲೆದೂಗಿದೆ.

ಮೊದಲ ದೊಡ್ಡ ಮಳೆಗೆ ಜಾಲಿಯ ಮುಳ್ಳು, ಜೋಳದ ದಂಟು ತೇಲಿಬಂದು ಕೊಳವೆಗಳ ಬಾಯಿಗೆ ಬಿರಡೆ ಹಾಕಿದವು. ದಾರಿ ಕಾಣದ ನೀರು ಹಿಂದಕ್ಕೆ ಏರಿ ನೆರೆಯವರ ಈರುಳ್ಳಿಯನ್ನು ಮುಳುಗಿಸಿತು. ಬಳಿಕ ಪಕ್ಕದ ಎರೆಮಣ್ಣನ್ನು ಕೊರೆದು ಹೊರಟುಹೋಯಿತು. ಬೆಳಗ್ಗೆ ನೋಡಿದರೆ ಸೇತುವೆ ನೆಟ್ಟಗಿತ್ತು, ಸರಪಳಿಯೂ ಇತ್ತು. ಅದನ್ನು ಮುಟ್ಟಲು ದಡವೇ ಇರಲಿಲ್ಲ!

ನೆರೆಯ ಮುದುಕರು ಬಂದು ನಿಂತರು. ಬಯ್ಯಲಿಲ್ಲ. "ಗೌಡ್ರೇ, ನಿಮ್ಮ ದಾರಿಗೆ ನನ್ನ ಹೊಲ ಸುಂಕ ಕೊಡ್ತು" ಎಂದರು. ದೊಡ್ಡಪ್ಪನವರು ಆ ದಿನ ಊಟ ಮಾಡಲಿಲ್ಲ.

ನಾನು ಪುಸ್ತಕ ತಿರುವಿದೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಕಲಮಿನಂತೆ, ಯಾರದೂ ಸ್ವತ್ತಲ್ಲದ ಹೊಳೆ-ಹಳ್ಳಗಳು ಸರ್ಕಾರದವು. ಹೊಲದ ನಡುವೆ ಹರಿದ ಮಾತ್ರಕ್ಕೆ ಹಳ್ಳ ನಮ್ಮದಾಗದು. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜರ ಕಥೆಯನ್ನೂ ದೊಡ್ಡಪ್ಪನವರಿಗೆ ಹೇಳಿದೆ. 1989ರಲ್ಲಿ ಅವರು ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದಾಗ ಊರವರೇ ಕೈಗೂಡಿಸಿದ್ದರು. ಅನಂತರ ಅವರು ಕಟ್ಟಿದವು ನೂರಕ್ಕೂ ಹೆಚ್ಚು. 2017ರಲ್ಲಿ ಪದ್ಮಶ್ರೀ ಬಂದಿತು. ಹಗ್ಗದ ಮೇಲೆ ತೂಗುವ ಆ ದಾರಿ ಕೆಳಗಿನ ನೀರಿಗೆ ಅಡ್ಡ ನಿಲ್ಲದು.

"ಬಂಡಿ ತೂಗುಸೇತುವೆ ಮ್ಯಾಲೆ ಹೋಗತೈತೇನು?" ಎಂದರು ದೊಡ್ಡಪ್ಪನವರು. ನನ್ನ ಪಾಂಡಿತ್ಯ ಅಲ್ಲಿಗೆ ನಿಂತಿತು. ಉತ್ತರ ಹೇಳಿದವರು ಆ ಮುದುಕರೇ: "ನೀರಿನ ತಲಿ ಮ್ಯಾಲೆ ಹೋಗಬ್ಯಾಡ್ರಿ, ಅದರ ಕಾಲ ಕೆಳಗ ಹೋಗ್ರಿ."

ಕೊಳವೆಗಳನ್ನು ಕಿತ್ತರು. ತಹಸೀಲ್ದಾರರ ಕಚೇರಿಗೆ ಅರ್ಜಿ ಕೊಟ್ಟು, ಒಪ್ಪಿಗೆ ಬಂದ ಮೇಲೆ ಹಳ್ಳದ ತಳದ ಮಟ್ಟಕ್ಕೇ ಬಂಡೆಗಳನ್ನು ಹಾಸಿದರು. ಕೆಳಬದಿಯಲ್ಲಿ ಕೊರೆತ ತಡೆಯಲು ದೊಡ್ಡ ಕಲ್ಲುಗಳನ್ನು ಹೂಳಿದರು. ಅರ್ಧ ಖರ್ಚು ನೆರೆಯವರದು. ಈಗ ಪ್ರವಾಹ ಹಾಸಿನ ಮೇಲೆಯೇ ಹಾದುಹೋಗುತ್ತದೆ. ಅದು ಇಳಿಯುವತನಕ ಜನ ದಡದಲ್ಲಿ ಕುಳಿತು ಕಾಯಬೇಕು. ಆಚೆ ದಡದಲ್ಲಿ ಮುದುಕರು, ಈಚೆ ದಡದಲ್ಲಿ ದೊಡ್ಡಪ್ಪನವರು. ನೀರಿನ ಸದ್ದನ್ನು ಮೀರಿ ಕೂಗಿ ಮಾತನಾಡುತ್ತಾರೆ.

ಸರಪಳಿ ಏನಾಯಿತೆಂದು ಕೇಳಿದೆ. ಬಾವಿಯ ಕೊಡಕ್ಕೆ ಕಟ್ಟಿದ್ದಾರಂತೆ.