ಒಂದರಿಂದ ಹತ್ತಕ್ಕೆ ಏರಿ ಇಳಿಯುವ ಸಂಖ್ಯೆ

ಗುಮಾಸ್ತರಾದ ನಮಗೆ ಅಂಕಿಯೆಂದರೆ ಕಡತದ ನಂಬರು, ಸಂಬಳದ ಚೀಟಿ, ಲೋಕಲ್ ಗಾಡಿಯ ವೇಳೆ, ಇಷ್ಟೇ. ಆದರೆ ಅಂಕಿಗಳಿಗೂ ಒಂದು ಚೆಲುವುಂಟು, ಆ ಚೆಲುವಿನಲ್ಲಿ ಕನ್ನಡನಾಡಿಗೂ ನಾವಿರುವ ಈ ಠಾಣೆ ಸೀಮೆಗೂ ಪಾಲುಂಟು.

ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. 27994681ನ್ನು 441ರಿಂದ ಗುಣಿಸುವುದು ಅದರಲ್ಲಿನ ಒಂದು ಲೆಕ್ಕ. ಉತ್ತರ 12345654321. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಅಂಕಿಗಳ ಹಾರ! ಇದು 111111ರ ವರ್ಗವೂ ಹೌದು.

ಸಾವಿರ ವರ್ಷಗಳ ತರುವಾಯ ಇಂಥ ಸಂಖ್ಯೆಗಳ ಬೆನ್ನು ಹತ್ತಿದವರು ದ. ರಾ. ಕಾಪ್ರೇಕರರು. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ಠಾಣೆಯಲ್ಲಿ ಓದಿ, ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. ಈ ವಿಚಾರ ಅವರಿಗೆ ಹೊಳೆದದ್ದು ನಮ್ಮ ಡೋಂಬಿವಲಿ ಸ್ಟೇಶನ್ನಿನಲ್ಲಿ. ಆ ಸ್ಟೇಶನ್ನಿನ ಹಳೆಯ ಹೆಸರಿನಿಂದಲೇ ಅವುಗಳನ್ನು ‘ಡೆಮ್ಲೋ ಸಂಖ್ಯೆ’ಗಳೆಂದು ಕರೆದರು. ಬಿ.ಎಸ್‌ಸಿ. ಪದವಿಯ ಈ ಮಾಸ್ತರರನ್ನು ಕಂಡು ನಕ್ಕ ಪಂಡಿತರೂ ಇದ್ದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಲೋಕ ಅವರನ್ನು ಅರಿಯಿತು.

121, 12321 ಎಂದು ಸಾಗುವ ಈ ಸಾಲು ಒಂಬತ್ತರವರೆಗೆ ಹೋದರೆ 12345678987654321. ಇದೂ 111111111ರ ವರ್ಗವೇ. ಹೀಗಾಗಿ ಇವೆಲ್ಲ ಭಾಗವಾಗುವ ಸಂಖ್ಯೆಗಳು. ಇನ್ನು ನೆತ್ತಿಯ ಮೇಲೆ ಹತ್ತನ್ನೂ ಕೂರಿಸಿ ನೋಡಿರಿ: 12345678910987654321. ಇಪ್ಪತ್ತು ಅಂಕಿಗಳು. ನೋಟಕ್ಕೆ ಅದೇ ಮನೆತನ. ಆದರೆ ಇದು ಅವಿಭಾಜ್ಯ! ಒಂದು ಮತ್ತು ತಾನು, ಇವೆರಡನ್ನುಳಿದು ಇನ್ನಾವುದಕ್ಕೂ ಇದು ಭಾಗವಾಗದು.

ಇದನ್ನು ಕಂಡುಹಿಡಿಯುವ ಬಗೆ ಹೇಗೆ? ಸಂಖ್ಯೆಯೊಂದು ಎರಡು ಪಾಲಾಗುವುದಾದರೆ ಚಿಕ್ಕ ಪಾಲು ಅದರ ವರ್ಗಮೂಲವನ್ನು ಮೀರಲಾರದು. ಇದರ ವರ್ಗಮೂಲ ಸುಮಾರು 351 ಕೋಟಿ. ಅಲ್ಲಿಯವರೆಗಿನ ಒಂದೊಂದು ಸಂಖ್ಯೆಯಿಂದಲೂ, ಸೆಕೆಂಡಿಗೊಂದರಂತೆ ಹಗಲಿರುಳು ಭಾಗಿಸುತ್ತ ಕುಳಿತರೆ 111 ವರ್ಷ ಬೇಕು! ಯಂತ್ರಗಳು ಜಾಣ ಹಾದಿಗಳಿಂದ ಕ್ಷಣದಲ್ಲಿ ಮುಗಿಸುತ್ತವೆ. ಅಂಕಿಗಳು ಬೆಳೆದಂತೆ ಕೆಲಸ ಮಿತಿಮೀರದೆ, ಸಂಶಯಕ್ಕೂ ಎಡೆಯಿಲ್ಲದೆ, ಯಾವ ಸಂಖ್ಯೆಗೂ ಸಲ್ಲುವ ವಿಧಾನವನ್ನು 2002ರಲ್ಲಿ ಕೊಟ್ಟವರು ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ.

ಇದರಿಂದ ಉಪಯೋಗವೇನು ಎಂದು ಗೃಹಿಣಿಯರು ಕೇಳಬಹುದು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನು ಕಂಡು ಆ ಎರಡನ್ನು ಬಿಡಿಸುವುದು ಬಹು ಕಷ್ಟ. 1977ರಲ್ಲಿ ಹುಟ್ಟಿದ ಒಂದು ಪ್ರಸಿದ್ಧ ಗುಪ್ತಲಿಪಿ ನಿಂತಿರುವುದು ಈ ಕಷ್ಟದ ಮೇಲೆಯೇ. ಗುಟ್ಟು ಕಾಯುವ ಇಂಥ ಬೀಗಗಳಿರುವುದರಿಂದಲೇ ನೆರೂಳಿನಿಂದ ಊರಿನ ತಾಯಿಗೆ ಫೋನಿನಲ್ಲಿ ಕಳಿಸಿದ ಹಣ ನಡುದಾರಿಯ ಕಳ್ಳನಿಗೆ ದಕ್ಕುವುದಿಲ್ಲ.

ಕೊನೆಗೊಂದು ಮಾತು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಇಪ್ಪತ್ತರಿಂದಾಚೆ ಕನ್ನಡದ ಎಣಿಕೆ ಬಾರದು. ‘ಸೆವೆಂಟಿನೈನ್’ ಗೊತ್ತು, ‘ಎಪ್ಪತ್ತೊಂಬತ್ತು’ ಗೊತ್ತಿಲ್ಲ. ಬೈದರೆ ಬಂದೀತೆ? ಈ ರಜೆಯಲ್ಲಿ ಆಚಾರ್ಯನ ಗುಣಾಕಾರವನ್ನು ಅವರ ಕೈಗಿತ್ತು, ಬಾಯಲ್ಲಿ ಕನ್ನಡದಲ್ಲೇ ಎಣಿಸುತ್ತ ಮಾಡಿಸಿರಿ. ಹಾರ ಮೂಡಿದಾಗ ಅವರ ಕಣ್ಣರಳುವುದನ್ನು ನೋಡಿರಿ. ಎಣಿಕೆ ಉಳಿದ ಮನೆಯಲ್ಲಿ ಭಾಷೆಯೂ ಉಳಿದೀತು.