ಹಳೆಯ ಗಾಡಿಗೆ ಹೊಸ ಪೈಪು

ದೀಪಾವಳಿಗೆ ಧಾರವಾಡಕ್ಕೆ ಹೋಗದಿದ್ದರೆ ಅದು ಹಬ್ಬವೇ ಅಲ್ಲವೆಂಬುದು ನಮ್ಮ ತಾಯಿಯವರ ಅಭಿಪ್ರಾಯ. ಸ್ವಾರಗೇಟದಲ್ಲಿ ಬಸ್ಸುಗಳಿಗೇನೂ ಬರವಿಲ್ಲ. ಆದರೆ ತಂದೆಯವರು 1998ರಲ್ಲಿ ಕೊಂಡ ಮಾರುತಿ 800 ಬಾಗಿಲ ಮುಂದೆ ನಿಂತಿರುವಾಗ ಬಸ್ಸಿನ ಮಾತೇಕೆ? ತಂದೆಯವರು ಈಗಿಲ್ಲ, ಗಾಡಿ ಇದೆ. ಅದನ್ನು ಮಾರುವ ಮಾತೆತ್ತಿದರೆ ತಾಯಿಯವರು ಏನೂ ಅನ್ನದೆ ಎದ್ದು ಒಳಗೆ ಹೋಗುತ್ತಾರೆ. ಆದ್ದರಿಂದ ಗಾಡಿ ನಮ್ಮಲ್ಲಿಯೇ ಉಳಿದಿದೆ.

ಹೋದ ದೀಪಾವಳಿಗೆ ಹೊರಟಾಗ ಖಂಬಾಟಕಿ ಘಾಟಿನ ಏರಿನಲ್ಲಿ ಬಾನೆಟ್ಟಿನ ಕೆಳಗಿನಿಂದ ಬೆಳ್ಳಗೆ ಉಗಿ ಎದ್ದಿತು. ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಸೀಳಿತ್ತು. ಎಂಬತ್ತು ದಾಟಿದ ತಾಯಿಯವರನ್ನು ರಸ್ತೆಯ ಅಂಚಿಗೆ, ಒಂದು ಕೊಡೆಯ ನೆರಳಿನಲ್ಲಿ ಕೂಡ್ರಿಸಿ ಎರಡು ತಾಸು ಕಾದೆವು. “ಅವರಿದ್ದಾಗ ಗಾಡಿ ಹೀಂಗ ನಡುದಾರಿಯೊಳಗ ನಿಂತಿದ್ದಿಲ್ಲಪಾ” ಎಂದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಸೋಜಿಗವೆಂದರೆ, ಹೊರಡುವ ಹಿಂದಿನ ದಿನ ಆ ಪೈಪನ್ನು ನಾನು ನೋಡಿದ್ದೆ. ಮೇಲೆ ಕರ್ರಗೆ, ಚೆನ್ನಾಗಿಯೇ ಇತ್ತು. ರಬ್ಬರ್ ಪೈಪು ಬಹಳ ಸಲ ಒಳಗಿನಿಂದ ಕೆಡುತ್ತದೆ. ಕಣ್ಣಿಗೆ ಕಾಣುವದಿಲ್ಲ, ಕೈಗೆ ಸಿಗುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಪೈಪನ್ನು ಎರಡು ತುದಿಗಳ ಹತ್ತಿರ ಹಿಸುಕಿ ನೋಡಬೇಕು. ಮೆತ್ತಗಾಗಿದ್ದರೆ, ಕಟ್ಟಿಗೆಯಂತೆ ಬಿರುಸಾಗಿದ್ದರೆ, ಒಳಗೆ ಚರಚರ ಎಂದರೆ, ಅಥವಾ ಕ್ಲಿಪ್ಪಿನ ಪಕ್ಕದಲ್ಲಿ ಉಬ್ಬಿದ್ದರೆ ಅದರ ಆಯುಷ್ಯ ಮುಗಿಯಿತೆಂದು ತಿಳಿಯಿರಿ. ಬಿಸಿಯಾಗಿರುವಾಗ ಮುಟ್ಟಬೇಡಿರಿ; ರೇಡಿಯೇಟರಿನ ಮುಚ್ಚಳವನ್ನಂತೂ ತೆರೆಯಲೇಬೇಡಿರಿ. ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಾದ ಕೂಡಲೆ ಉಗಿಯಾಗಿ ಮುಖಕ್ಕೇ ಹಾರುತ್ತದೆ.

ಊರಿಗೆ ಮರಳಿದ ಮೇಲೆ ಪೈಪು ಕೊಳ್ಳಲು ನಾನಾ ಪೇಠೆಗೆ ಹೋದೆ. ಮೋಟಾರಿನ ಬಿಡಿಭಾಗಗಳ ಅಂಗಡಿಗಳ ಸಾಲೇ ಅಲ್ಲಿದೆ. ಹಳೆಯ ಪೈಪನ್ನು ಕೈಯಲ್ಲಿ ಹಿಡಿದೇ ಹೋಗಿರಿ. ಒಳಗಿನ ವ್ಯಾಸವಷ್ಟೇ ಸರಿಯಾದರೆ ಸಾಲದು, ಬಾಗೂ ಅದೇ ಇರಬೇಕು. ನೇರವಾದ ಪೈಪನ್ನು ಬಲವಂತದಿಂದ ಬಾಗಿಸಿದರೆ ಅದು ಮಡಚಿಕೊಂಡು ನೀರಿನ ದಾರಿಯನ್ನು ಕಟ್ಟುತ್ತದೆ. ಕೆಳಗಿನ ಪೈಪಿನಲ್ಲಿ ಪಂಪು ನೀರನ್ನು ಎಳೆದುಕೊಳ್ಳುವದರಿಂದ, ಕೆಲವು ಗಾಡಿಗಳಲ್ಲಿ ಅದು ಅಪ್ಪಚ್ಚಿಯಾಗದಂತೆ ಒಳಗೊಂದು ಸ್ಪ್ರಿಂಗ್ ಇರುತ್ತದೆ. ಹಳೆಯದರಲ್ಲಿ ಇದ್ದರೆ ಹೊಸದರಲ್ಲಿಯೂ ಇರಲಿ.

ಇನ್ನು ಕ್ಲಿಪ್ಪು. ತಿರುಪು ತಿರುಗಿಸಿ ಬಿಗಿಯುವ ಪಟ್ಟಿಯ ಕ್ಲಿಪ್ಪನ್ನು 1921ರಲ್ಲಿ ಬ್ರಿಟಿಷ್ ನೌಕಾದಳದ ಲಮ್ಲಿ ರಾಬಿನ್‌ಸನ್ ಕಂಡುಹಿಡಿದರು. ಇಂದಿಗೂ ಅದು ಉಪಯೋಗದ ವಸ್ತುವೇ. ಆದರೆ ಪಟ್ಟಿಯುದ್ದಕ್ಕೂ ಸೀಳುಗಳಿರುವ ಅಗ್ಗದ ಕ್ಲಿಪ್ಪನ್ನು ಬಲವಾಗಿ ಬಿಗಿದರೆ ರಬ್ಬರು ಆ ಸೀಳುಗಳಲ್ಲಿ ಹೊಕ್ಕು ಹರಿಯುತ್ತದೆ. ಒಳಮೈ ನುಣುಪಾಗಿ, ಅಂಚು ಮೇಲಕ್ಕೆ ಮಡಚಿರುವದನ್ನು ಕೇಳಿರಿ. ಕ್ಲಿಪ್ಪು ಕೂಡುವದು ಲೋಹದ ಬಾಯಿಯ ಉಬ್ಬಿದ ಏಣಿನ ಹಿಂದೆ. ಏಣಿನ ಮೇಲಲ್ಲ, ಪೈಪಿನ ತುದಿಯಂಚಿನಲ್ಲಿಯೂ ಅಲ್ಲ. ರೇಡಿಯೇಟರಿನ ಬಾಯಿ ಪ್ಲಾಸ್ಟಿಕ್ಕಿನದಾಗಿದ್ದರೆ ಕೈಬಲ ತೋರಿಸಬೇಡಿರಿ, ಬಿರುಕು ಬಿಡುತ್ತದೆ. ಗಾಡಿ ಒಂದು ಸಲ ಕಾಯ್ದು ಆರಿದ ಮೇಲೆ ಮತ್ತೊಮ್ಮೆ ನೋಡಿ ಬಿಗಿಯಬೇಕು, ಹೊಸ ರಬ್ಬರು ಸ್ವಲ್ಪ ಕುಗ್ಗಿರುತ್ತದೆ. ಹಳೆಯ ಕ್ಲಿಪ್ಪನ್ನು ಉಳಿಸಿ ಜಾಣನೆನಿಸಿಕೊಳ್ಳಲು ಹೋಗಿ ನಾನು ಹದಿನೈದು ದಿನ ಅಂಗಳದಲ್ಲಿ ನೀರು ಒರೆಸಿದ್ದೇನೆ.

ಇಷ್ಟಕ್ಕೆ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ತೆಳ್ಳಗಿನ ನೀರಿನ ಪೈಪೊಂದು ಗೇಣುದ್ದ ಉಳಿದಿತ್ತು. ಕಾರ್ಬುರೇಟರಿಗೆ ಹೋಗುವ ಪೆಟ್ರೋಲಿನ ಪೈಪು ಬಿರುಕು ಬಿಟ್ಟಿದ್ದನ್ನು ಕಂಡು ಅದನ್ನೇ ಅಲ್ಲಿಗೆ ಜೋಡಿಸಿದೆ. ಅಳತೆ ಸರಿಯಾಗಿತ್ತು, ಮನಸ್ಸಿಗೆ ಹಿಗ್ಗೂ ಆಯಿತು. ಮೂರನೆಯ ವಾರ ಮನೆಯವರು, “ಪೆಟ್ರೋಲಿನ ವಾಸನಿ ಬರಲಿಕ್ಕತ್ತದ, ಒಮ್ಮೆ ನೋಡ್ರಿ” ಎಂದರು. ಬಾನೆಟ್ಟು ಎತ್ತಿದರೆ ಪೈಪು ಉಬ್ಬಿ, ಮೆತ್ತಗಾಗಿ, ಹೊರಗೆಲ್ಲ ಒದ್ದೆಯಾಗಿತ್ತು. ಅದರ ಕೆಳಗೇ ಕಾಯ್ದ ಎಂಜಿನ್! ಅಂದು ಸಂಜೆ ಮಕ್ಕಳನ್ನು ಅದೇ ಗಾಡಿಯಲ್ಲಿ ಸಾರಸಬಾಗಿಗೆ ಕರೆದೊಯ್ಯುವವನಿದ್ದೆ.

ನೀರಿನ ಪೈಪಿಗೆ ಸಾಮಾನ್ಯವಾಗಿ ಇ.ಪಿ.ಡಿ.ಎಂ. ಎಂಬ ರಬ್ಬರು. ಬಿಸಿನೀರಿಗೆ ಅದು ಗಟ್ಟಿ, ಪೆಟ್ರೋಲಿಗೂ ಎಣ್ಣೆಗೂ ಅಲ್ಲ. ಪೆಟ್ರೋಲಿನ ಪೈಪೇ ಬೇರೆ. ಇನ್ನೊಂದು ಮಾತೂ ಇದೆ: 2025ರಿಂದ ದೇಶದ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥೆನಾಲ್ ಇರುತ್ತದೆ. ನಮ್ಮ ಬೆಳಗಾವಿ, ಕೊಲ್ಹಾಪುರದ ಕಡೆಯ ಕಬ್ಬಿನಿಂದಲೂ ಅದನ್ನು ತಯಾರಿಸುತ್ತಾರೆ. ಕಬ್ಬು ನಮ್ಮದಾದರೂ ಹಳೆಯ ಗಾಡಿಗಳ ಪೈಪಿನ ರಬ್ಬರಿಗೆ ಅದು ಒಗ್ಗುವದಿಲ್ಲ. ಆದ್ದರಿಂದ ಪೆಟ್ರೋಲಿನ ಪೈಪಿನ ಮೈಮೇಲೆ ‘ಎಸ್.ಎ.ಇ. 30 ಆರ್ 9’ ಎಂಬ ಮುದ್ರೆಯನ್ನು ಓದಿ ಕೊಳ್ಳಿರಿ. ಅಂಥದರ ಒಳಪದರು ಎಥೆನಾಲನ್ನು ತಡೆದುಕೊಳ್ಳುತ್ತದೆ. ಬೆಲೆ ಹೆಚ್ಚು, ಆದರೆ ಬೇಕಾಗುವದು ಮೀಟರಿನ ಲೆಕ್ಕದಲ್ಲಿ, ಮೈಲಿನ ಲೆಕ್ಕದಲ್ಲಲ್ಲ.

ಇದರಿಂದ ನಾನು ಕಲಿತದ್ದಿಷ್ಟು: ಪೈಪು ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ “ಎಷ್ಟು ದಪ್ಪ?” ಎಂಬುದಲ್ಲ, “ಒಳಗೆ ಏನು ಹರಿಯುತ್ತದೆ?” ಎಂಬುದು. ಒಂದು ಪೈಪು ಮುಪ್ಪಾಗಿದ್ದರೆ ಅದರ ಜತೆಗೆ ಬಂದವುಗಳಿಗೂ ಅದೇ ವಯಸ್ಸು. ಕ್ಲಿಪ್ಪುಗಳ ಸಹಿತ ಎಲ್ಲವನ್ನೂ ಒಮ್ಮೆಗೇ ಬದಲಿಸುವದು ಲೇಸು.

ತಂದೆಯವರ ಹಳೆಯ ಡಬ್ಬಿಯನ್ನು ಮೊನ್ನೆ ತೆರೆದೆ. ಮೇಲಿನ ಪೈಪು ಒಂದು, ಕ್ಲಿಪ್ಪು ಎರಡು, ತಿರುಪುಳಿ ಒಂದು, ಅರಿವೆಯಲ್ಲಿ ಸುತ್ತಿ ಇಟ್ಟಿದ್ದರು. ಗಾಡಿ ನಡುದಾರಿಯಲ್ಲಿ ಏಕೆ ನಿಲ್ಲುತ್ತಿರಲಿಲ್ಲವೆಂಬುದು ಆಗ ತಿಳಿಯಿತು. ಆ ಪೈಪು ಹಳೆಯದಾಗಿ ಬಿರುಸಾಗಿತ್ತು. ಹೊಸದನ್ನು ತಂದು ಅದೇ ಅರಿವೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದೇನೆ, ಐದು ಲೀಟರು ನೀರಿನೊಡನೆ. ಹಬ್ಬಕ್ಕೆ ಊರಿಗೆ ಹೊರಡುವ ವಾಚಕರೂ ಹೊರಡುವ ಮೊದಲು ಒಮ್ಮೆ ಬಾನೆಟ್ಟು ಎತ್ತಿ, ತಣ್ಣಗಿರುವಾಗಲೇ, ಪೈಪುಗಳನ್ನು ಹಿಸುಕಿ ನೋಡಬೇಕಾಗಿ ವಿನಂತಿ.