ಪಾಸ್‌ವರ್ಡ್ ಒಂದು, ಕೈ ನಾಲ್ಕು

ನಾಲ್ಕು ಜನ ಒಂದೇ ಯೂಸರ್ ಹೆಸರಿನಲ್ಲಿ ಲೆಕ್ಕ ಬರೆಯುವ ಆಫೀಸಿನಲ್ಲಿ ತಪ್ಪು ಯಾರದೆಂದು ಯಾರೂ ಹೇಳಲಾರರು. ಆದರೂ ಹೇಳುತ್ತಾರೆ. ಎಲ್ಲರಿಗಿಂತ ಚಿಕ್ಕವರ ಹೆಸರು ಹೇಳುತ್ತಾರೆ, ಇಲ್ಲವೇ ಆ ಹೊತ್ತಿಗೆ ಎದುರಿಗೆ ಇಲ್ಲದವರ ಹೆಸರು ಹೇಳುತ್ತಾರೆ. ಕಾಮರ್ಸ್ ಓದುತ್ತಿರುವ ನಮ್ಮಲ್ಲಿ ಬಹಳ ಜನ ಇನ್ನು ಮೂರು ನಾಲ್ಕು ವರ್ಷಗಳಲ್ಲಿ ಯಾವುದೋ ಅಂಗಡಿಯಲ್ಲೋ ಆಡಿಟರ್ ಆಫೀಸಿನಲ್ಲೋ ಅಂಥ ಚಿಕ್ಕವರಾಗಿ ಕೂರುವವರು. ಕೆಲವರು ಅಲ್ಲಿಗೆ ಹೋಗುವುದೂ ಇಲ್ಲ, ಮನೆಯಿಂದಲೇ ಆಫೀಸಿನ ಕಂಪ್ಯೂಟರಿಗೆ ಲಾಗಿನ್ ಆಗಿ ಕೆಲಸ ಮಾಡುತ್ತಾರೆ. ಅದಕ್ಕೇ ಈ ಮಾತನ್ನು ಈಗಲೇ ಬರೆಯುತ್ತಿದ್ದೇನೆ. ದೂರದಿಂದ ಆಫೀಸಿನ ಒಳಗೆ ಹೋಗುವ ಪ್ರತಿಯೊಬ್ಬರಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡ್ ಇರಬೇಕು. ಮಾಲೀಕರು ತಾವಾಗಿ ಕೊಡದಿದ್ದರೆ ನಾವೇ ಕೇಳಿ ಪಡೆಯಬೇಕು.

ನಮ್ಮ ಖಾಲಾ ಮಗಳು ಬಿ.ಕಾಂ. ಮುಗಿಸಿದ್ದಾರೆ. ನಾವೆಲ್ಲ ಅವರನ್ನು ಆಪಾ ಅನ್ನುತ್ತೇವೆ. ಅವರು ಒಂದೂವರೆ ವರ್ಷ ಮನೆಯಲ್ಲೇ ಕೂತು ಒಂದು ಹೋಲ್‌ಸೇಲ್ ಅಂಗಡಿಯ ಲೆಕ್ಕ ನೋಡಿಕೊಂಡರು. ಮಧ್ಯಾಹ್ನ ಅಡುಗೆ ಮುಗಿದ ಮೇಲೆ ಲ್ಯಾಪ್‌ಟಾಪ್ ತೆರೆದು, ಅಂಗಡಿಯ ಕಂಪ್ಯೂಟರಿನ ಪರದೆಯನ್ನೇ ಇಲ್ಲಿ ನೋಡುತ್ತ ಬಿಲ್ಲುಗಳನ್ನು ಏರಿಸುತ್ತಿದ್ದರು. ಹೊರಗೆ ಕೆಲಸಕ್ಕೆ ಹೋಗುವ ಬಗ್ಗೆ ಮನೆಯಲ್ಲಿ ಮಾತೇ ಎತ್ತಬೇಕಾಗಿರಲಿಲ್ಲ. ಅವರ ಸಂಬಳದಿಂದಲೇ ತಮ್ಮನ ಟ್ಯೂಷನ್ ಫೀಸು ಹೋಗುತ್ತಿತ್ತು. ಆ ಕಂಪ್ಯೂಟರಿಗೆ ಇದ್ದದ್ದು ಒಂದೇ ಲಾಗಿನ್, ‘ಅಡ್ಮಿನ್’. ಮಾಲೀಕರು, ಅವರ ಮಗ, ಕೌಂಟರಿನ ಹುಡುಗ, ಆಪಾ ಎಲ್ಲರಿಗೂ ಅದೇ. ಒಂದು ದಿನ 18,400 ರೂಪಾಯಿಯ ಉದ್ರಿ ಬಿಲ್ಲಿನ ಎಂಟ್ರಿ ಪುಸ್ತಕದಲ್ಲಿ ಇರಲಿಲ್ಲ. ಯಾರೋ ಅಳಿಸಿದ್ದರು. ಅಂಗಡಿಯಲ್ಲಿ ಇದ್ದ ಮೂವರೂ ತಾವಲ್ಲ ಅಂದರು. ಆಪಾ ಫೋನಿನಲ್ಲಿ ಅಂದರು, ‘ಭಾಯಿ, ನಾನೂ ಅಲ್ಲ.’ ಆದರೆ ದೂರ ಇದ್ದವರು ಅವರೊಬ್ಬರೇ. ಆ ತಿಂಗಳ ಸಂಬಳ ಬರಲಿಲ್ಲ, ಕೆಲಸವೂ ಹೋಯಿತು. ಅಂಗಡಿಯ ಹೆಸರು ಇಲ್ಲಿ ಬೇಡ. ಆಪಾ ಸುಳ್ಳು ಹೇಳುವವರಲ್ಲ ಎಂದು ನನಗೆ ಗೊತ್ತು, ಆದರೆ ಅದು ಸಾಕ್ಷಿಯಾಗುವುದಿಲ್ಲ. ಸಾಕ್ಷಿ ಹೇಳಬೇಕಾಗಿದ್ದದ್ದು ಕಂಪ್ಯೂಟರ್. ಅದಕ್ಕೆ ನಾಲ್ವರೂ ಒಬ್ಬರೇ ಆಗಿದ್ದರು.

ಇದನ್ನು ಕೇಳಿ ನಮ್ಮ ಮಾಮು ತಲೆ ಚಚ್ಚಿಕೊಂಡರು. ಅವರು 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ‘ನಮ್ಮ ಕಾಲದಲ್ಲಿ ಫೋನ್ ಲೈನಿನಲ್ಲೇ ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದೆವು’ ಅಂದರು. ಹಿರಿಯರು ತಮ್ಮ ಕಾಲವನ್ನು ಹೊಗಳುವುದು ಇದ್ದದ್ದೇ ಎಂದುಕೊಂಡು ಕೇಳಿದೆ. ಈ ಸಲ ಅವರ ಮಾತಿನಲ್ಲಿ ನಿಜ ಇತ್ತು.

ಆಗ ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಸೇರಲು ಟೆಲಿಫೋನ್ ಮಾಡಬೇಕಿತ್ತು. ಮಾಡುತ್ತಿದ್ದದ್ದು ಮನುಷ್ಯರಲ್ಲ, ಕಂಪ್ಯೂಟರ್. ಮನೆಯ ಕಂಪ್ಯೂಟರಿಗೆ ಮೋಡೆಮ್ ಎಂಬ ಡಬ್ಬಿ, ಅದಕ್ಕೆ ಫೋನಿನ ವೈರು. ಆಫೀಸಿನಲ್ಲಿ ಸಾಲಾಗಿ ಮೋಡೆಮ್‌ಗಳು, ಒಂದೊಂದಕ್ಕೂ ಒಂದೊಂದು ಲೈನು. ಅವುಗಳ ಹಿಂದೆ ಕರೆಗಳನ್ನು ಎತ್ತಿಕೊಳ್ಳುವ ರಿಮೋಟ್ ಆಕ್ಸೆಸ್ ಸರ್ವರ್. ಎರಡು ಕಡೆಯ ಮೋಡೆಮ್‌ಗಳು ಕಿರಿಕಿರಿ ಸದ್ದು ಮಾಡಿ ಪರಸ್ಪರ ಒಪ್ಪಿಕೊಂಡ ಮೇಲೆ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ವೇಗ ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್. ನಾನು ಲೆಕ್ಕ ಹಾಕಿ ನೋಡಿದೆ. ಇವತ್ತು ಫೋನಿನಲ್ಲಿ ತೆಗೆಯುವ 4 ಎಂಬಿಯ ಒಂದು ಫೋಟೊ ಆ ಪೂರ್ತಿ ವೇಗದಲ್ಲಿ ಇಳಿದರೂ ಹತ್ತು ನಿಮಿಷ ಬೇಕು. ಯಾರೂ ಫೋಟೊ ಕಳಿಸುತ್ತಿರಲಿಲ್ಲ ಬಿಡಿ, ಮೇಲ್ ನೋಡುವುದು, ಒಂದು ಫೈಲು ತೆಗೆಯುವುದು, ಇಷ್ಟೇ.

ಬಾಗಿಲು ಒಂದು ಫೋನ್ ನಂಬರ್ ಆಗಿದ್ದರಿಂದ ಯಾರು ಬೇಕಾದರೂ ಬಂದು ತಟ್ಟಬಹುದಿತ್ತು. 1983ರಲ್ಲಿ ಅಮೆರಿಕದ ಮಿಲ್ವಾಕಿ ಊರಿನ ಕೆಲವು ಹುಡುಗರು ಮನೆಯ ಕಂಪ್ಯೂಟರು, ಮೋಡೆಮ್ ಇಟ್ಟುಕೊಂಡು ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಾಲಯದ ಕಂಪ್ಯೂಟರಿಗೆ, ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಕಂಪ್ಯೂಟರಿಗೆ ಹೊಕ್ಕಿದ್ದರು. ಊರಿನ ಟೆಲಿಫೋನ್ ಕೋಡಿನಿಂದ ಅವರ ಗುಂಪಿಗೆ ‘414’ ಎಂದೇ ಹೆಸರು. ಅವರಲ್ಲೊಬ್ಬನಿಗೆ ನನ್ನಷ್ಟೇ ವಯಸ್ಸು, 17. ಅವನು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೇಳಿಕೆ ಕೊಡಬೇಕಾಯಿತು. ಅವರ ವಿದ್ಯೆ ದೊಡ್ಡದೇನಲ್ಲ. ಕಂಪ್ಯೂಟರ್ ಮಾರಿದ ಕಂಪನಿ ಹಾಕಿಕೊಟ್ಟಿದ್ದ ಮೊದಲ ಪಾಸ್‌ವರ್ಡನ್ನು ಎಷ್ಟೋ ಕಡೆ ಯಾರೂ ಬದಲಿಸಿರಲಿಲ್ಲ. ಆಪಾ ಕೆಲಸ ಮಾಡಿದ ಅಂಗಡಿಯ ‘ಅಡ್ಮಿನ್’ ಆ ಜಾತಿಯದೇ.

ಇಂಥವರನ್ನು ತಡೆಯಲು ಇದ್ದ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಅದರ ಹೆಸರು ಕಾಲ್‌ಬ್ಯಾಕ್. ನೀವು ಆಫೀಸಿಗೆ ಡಯಲ್ ಮಾಡಿ ಹೆಸರು, ಪಾಸ್‌ವರ್ಡ್ ಕೊಡುತ್ತೀರಿ. ಸರ್ವರ್ ‘ಸರಿ’ ಎಂದು ಲೈನ್ ಕತ್ತರಿಸುತ್ತದೆ. ಆಮೇಲೆ ನಿಮ್ಮ ಹೆಸರಿನ ಎದುರು ಮೊದಲೇ ಬರೆದಿಟ್ಟ ನಂಬರಿಗೆ ತಾನೇ ಫೋನ್ ಮಾಡುತ್ತದೆ. ನಿಮ್ಮ ಪಾಸ್‌ವರ್ಡ್ ಕದ್ದವನು ಬೇರೆ ಊರಿನಲ್ಲಿ ಕೂತಿದ್ದರೆ ಕರೆ ಬರುವುದು ನಿಮ್ಮ ಮನೆಗೆ, ಅವನಿಗಲ್ಲ. ವಿಂಡೋಸ್ ಎನ್‌ಟಿಯ ರಿಮೋಟ್ ಆಕ್ಸೆಸ್ ವ್ಯವಸ್ಥೆಯಲ್ಲೇ ಈ ಸೌಲಭ್ಯ ಇತ್ತು. ಇನ್ನೊಂದು ಲಾಭ, ಎರಡನೇ ಕರೆಯ ಬಿಲ್ಲು ಆಫೀಸಿಗೆ ಬೀಳುತ್ತಿತ್ತು. ಕಂಪನಿಯ ಖರ್ಚು ಕಂಪನಿಯ ಲೆಕ್ಕಕ್ಕೇ ಹೋಯಿತು, ಕಾಮರ್ಸಿನವರಿಗೆ ಇದಕ್ಕಿಂತ ಸಮಾಧಾನ ಬೇಕೆ! ಕೊರತೆ ಇರಲಿಲ್ಲವೆಂದಲ್ಲ. ಆ ನಂಬರಿನ ಕರೆಯನ್ನು ಬೇರೆ ಕಡೆ ಫಾರ್ವರ್ಡ್ ಮಾಡಿಸಿದರೆ ಉಪಾಯ ಕೆಟ್ಟಿತು. ಊರೂರು ತಿರುಗುವ ಸೇಲ್ಸ್‌ನವರಿಗೆ ಇದು ಉಪಯೋಗಕ್ಕೆ ಬರುತ್ತಲೂ ಇರಲಿಲ್ಲ. ಆದರೆ ಅದರ ಬುದ್ಧಿ ಇವತ್ತಿಗೂ ಬೇಕು. ‘ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಈ ಆ್ಯಪ್ ಹಾಕಿಕೊಳ್ಳಿ, ಬಂದ ನಂಬರ್ ಓದಿ ಹೇಳಿ’ ಎಂದು ನಮ್ಮ ಅಮ್ಮಂದಿರ ಫೋನಿಗೆ ಕರೆ ಬರುತ್ತದಲ್ಲ, ಅದಕ್ಕೂ ಇದೇ ಮದ್ದು. ಮಾತು ಬೆಳೆಸದೆ ಫೋನ್ ಇಡಬೇಕು, ಪಾಸ್‌ಬುಕ್ಕಿನಲ್ಲಿ ಅಚ್ಚಾದ ನಂಬರಿಗೆ ನಾವೇ ಮಾಡಬೇಕು.

ಇನ್ನೊಂದು ವಿಷಯ ನಮ್ಮ ವಿಭಾಗಕ್ಕೆ ಸೇರಿದ್ದು. ಹೀಗೆ ಡಯಲ್ ಮಾಡಿ ಬರುವವರ ಹೆಸರು, ಪಾಸ್‌ವರ್ಡುಗಳನ್ನು ಒಂದೇ ಕಡೆ ಪರೀಕ್ಷಿಸಲು 1991ರಲ್ಲಿ ಲಿವಿಂಗ್‌ಸ್ಟನ್ ಎಂಬ ಅಮೆರಿಕದ ಕಂಪನಿ ‘ರೇಡಿಯಸ್’ ಎಂಬ ಪದ್ಧತಿ ಮಾಡಿತು. ರಿಮೋಟ್ ಅಥೆಂಟಿಕೇಶನ್ ಡಯಲ್ ಇನ್ ಯೂಸರ್ ಸರ್ವಿಸ್ ಎಂಬುದರ ಮೊದಲಕ್ಷರಗಳು ಅವು. ಅದರಲ್ಲಿ ಮೂರು ಕೆಲಸ. ಬಂದವರು ಯಾರೆಂದು ನೋಡುವುದು, ಏನು ಮುಟ್ಟಬಹುದೆಂದು ಹೇಳುವುದು, ಮೂರನೆಯದು ಅಕೌಂಟಿಂಗ್. ಹೌದು, ನಮ್ಮದೇ ಪದ! ಯಾರು, ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು, ಎಷ್ಟು ಮಾಹಿತಿ ದಾಟಿತು ಎಂಬ ದಾಖಲೆ. ವೌಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು ನಮಗೆ ಕಲಿಸುತ್ತಾರೆ. ನೆಟ್‌ವರ್ಕ್ ಮಾಡಿದವರೂ ಹಾಗೆಯೇ ಯೋಚಿಸಿದ್ದರು. ಡಯಲ್ ಮಾಡುವ ಕಾಲ ಹೋಗಿದೆ, ಹೆಸರಿನಲ್ಲಿ ಡಯಲ್ ಇನ್ ಹಾಗೇ ಉಳಿದಿದೆ. ದೊಡ್ಡ ಕಂಪನಿಗಳ, ವಿಶ್ವವಿದ್ಯಾಲಯಗಳ ವೈಫೈಗೆ ಇವತ್ತೂ ರೇಡಿಯಸ್ಸನ್ನೇ ಬಳಸುತ್ತಾರೆ.

ಈಗ ಇಂಟರ್‌ನೆಟ್ ವೇಗವಾಗಿದೆ, ಅಗ್ಗವಾಗಿದೆ. ಮೋಡೆಮ್ ಸಾಲು ಬೇಡ, ಒಂದು ಆ್ಯಪ್ ಸಾಕು. ಬಾಗಿಲು ಮಾಡುವುದು ಸುಲಭವಾದಷ್ಟೂ ಕಾವಲಿನ ನೆನಪು ಹೋಯಿತೆಂದು ನನಗೆ ಅನಿಸುತ್ತದೆ, ಅದೂ ಸಣ್ಣ ಅಂಗಡಿಗಳಲ್ಲಿ ಮಾತ್ರ ಅಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ತೀರಕ್ಕೆ ಪೆಟ್ರೋಲ್, ಡೀಸೆಲ್ ಸಾಗಿಸುವ ಕೊಲೋನಿಯಲ್ ಪೈಪ್‌ಲೈನ್ ಕಂಪನಿ ಕೆಲವು ದಿನ ತನ್ನ ಕೊಳವೆಯನ್ನೇ ನಿಲ್ಲಿಸಬೇಕಾಯಿತು. ಕಳ್ಳರು ಬಂದದ್ದು ದೂರದಿಂದ ಲಾಗಿನ್ ಆಗಲು ಇಟ್ಟಿದ್ದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಆ ಖಾತೆಯನ್ನು ಯಾರೂ ಬಳಸುತ್ತಿರಲಿಲ್ಲ, ಆದರೂ ಮುಚ್ಚಿರಲಿಲ್ಲ. ಬರೀ ಪಾಸ್‌ವರ್ಡ್ ಸಾಕಾಗಿತ್ತು, ಫೋನಿಗೆ ಬರುವ ಒಟಿಪಿಯಂಥ ಎರಡನೇ ಪರೀಕ್ಷೆ ಇರಲಿಲ್ಲ. ಕಂಪನಿ 75 ಬಿಟ್‌ಕಾಯಿನ್, ಅಂದಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್, ಕಳ್ಳರಿಗೆ ಕೊಟ್ಟಿತು. ಅದರಲ್ಲಿ ಹೆಚ್ಚಿನ ಪಾಲನ್ನು ಸರ್ಕಾರ ಆಮೇಲೆ ಹಿಂದಕ್ಕೆ ಪಡೆಯಿತು. ಕೆಲಸ ಬಿಟ್ಟುಹೋದವರ ಲಾಗಿನ್ ನಮ್ಮೂರಿನ ಎಷ್ಟು ಅಂಗಡಿಗಳಲ್ಲಿ ಇನ್ನೂ ಜೀವಂತವಾಗಿದೆ, ನೀವೇ ಯೋಚಿಸಿ.

ನಮ್ಮಲ್ಲೂ ಕಾನೂನು ಒಂದು ಹೆಜ್ಜೆ ಇಟ್ಟಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿ ಬದಲಾವಣೆಯನ್ನೂ ದಿನಾಂಕದ ಜೊತೆ ದಾಖಲಿಸಬೇಕು, ಆ ದಾಖಲೆಯನ್ನು ಯಾರೂ ನಿಲ್ಲಿಸುವಂತಿರಬಾರದು. ಆಡಿಟ್ ಟ್ರೇಲ್ ಅನ್ನುತ್ತಾರೆ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಇದಕ್ಕೆ ಎಡಿಟ್ ಲಾಗ್ ಇದೆ. ಬೇರೆ ಬೇರೆ ಯೂಸರ್ ಮಾಡಿ, ಯಾರು ಏನು ನೋಡಬಹುದು, ಏನು ಬದಲಿಸಬಹುದು ಎಂದು ಗೊತ್ತುಮಾಡುವ ಸೌಲಭ್ಯ ಅದರಲ್ಲಿ ಮೊದಲಿನಿಂದ ಇದೆ. ಆದರೆ ನಿಯಮ ಕಂಪನಿಗಳಿಗೆ, ಒಬ್ಬರೇ ಮಾಲೀಕರಿರುವ ಅಂಗಡಿಗೆ ಅಲ್ಲ. ಮೇಲಾಗಿ ನಾಲ್ವರೂ ಅಡ್ಮಿನ್ ಆಗಿಯೇ ಕೂತರೆ ಎಷ್ಟು ಒಳ್ಳೆಯ ಲಾಗ್ ಇದ್ದೂ ಏನು? ಅಡ್ಮಿನ್ ಬರೆದ, ಅಡ್ಮಿನ್ ಅಳಿಸಿದ ಎಂದಷ್ಟೇ ಅದು ಹೇಳೀತು.

ಬೇರೆ ಪಾಸ್‌ವರ್ಡ್ ಕೇಳಿದರೆ ಮಾಲೀಕರು ಏನನ್ನುತ್ತಾರೆ ಗೊತ್ತೇ? ‘ನೀವು ನಮ್ಮ ಮನೆಯವರ ಹಾಗೆ, ನಿಮ್ಮ ಮೇಲೆ ನಂಬಿಕೆ ಇದೆಯಮ್ಮ.’ ಆಪಾಗೂ ಹೀಗೆಯೇ ಅಂದಿದ್ದರಂತೆ. ನಂಬಿಕೆ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಬಹಳ ಬೆಲೆ. ನಂಬಿ ಒಪ್ಪಿಸಿದ ವಸ್ತುವಿಗೆ ಉರ್ದುವಿನಲ್ಲಿ ಅಮಾನತ್ ಅನ್ನುತ್ತೇವೆ. ಕನ್ನಡ ಪತ್ರಿಕೆಯಲ್ಲಿ ‘ಅಧಿಕಾರಿ ಅಮಾನತು’ ಎಂದು ಮೊದಲ ಸಲ ಓದಿದಾಗ, ಆ ಅಧಿಕಾರಿಯನ್ನು ಯಾರ ಬಳಿ ಜೋಪಾನವಾಗಿ ಇಟ್ಟರೋ ಎಂದುಕೊಂಡಿದ್ದೆ. ಹಂಚಿಕೊಂಡ ಪಾಸ್‌ವರ್ಡಿನಲ್ಲಿ ಎರಡೂ ಅರ್ಥ ಒಟ್ಟಿಗೆ ಬರುತ್ತವೆ. ಮೊದಲ ದಿನ ಉರ್ದುವಿನ ಅಮಾನತ್, ಕೊನೆಯ ದಿನ ಕನ್ನಡದ ಅಮಾನತು. ಬ್ಯಾಂಕಿನ ಕ್ಯಾಷಿಯರ್ ನಮ್ಮೆದುರಿಗೇ ನೋಟು ಎಣಿಸಿದರೆ ನಾವು ಅವಮಾನ ಎಂದುಕೊಳ್ಳುವುದಿಲ್ಲ. ಆ ಎಣಿಕೆ ಅವರನ್ನೂ ಕಾಯುತ್ತದೆ, ನಮ್ಮನ್ನೂ ಕಾಯುತ್ತದೆ.

ಕೆಲವು ಗೆಳತಿಯರು ಇನ್ನೊಂದು ಕಡೆಯಿಂದ ಕೇಳಿದರು. ಎಲ್ಲ ದಾಖಲಾಗಬೇಕು ಎನ್ನುವುದಾದರೆ, ಮನೆಯಿಂದ ಕೆಲಸ ಮಾಡುವವರ ಕ್ಯಾಮೆರಾ ತೆರೆದಿಡಿಸುವುದೂ ಗಳಿಗೆಗೊಮ್ಮೆ ಪರದೆಯ ಚಿತ್ರ ತೆಗೆಯುವುದೂ ಸರಿಯೇ? ಸರಿಯಲ್ಲ. ಬಾಗಿಲ ಬಳಿ ಪುಸ್ತಕ ಇಡುವುದು ಬೇರೆ, ಮನೆಯೊಳಗೆ ಇಣುಕುವುದು ಬೇರೆ. ಹಳೆಯ ಡಯಲ್ ಇನ್ ದಾಖಲೆ ಬಂದ ಹೊತ್ತು, ಹೋದ ಹೊತ್ತು ಬರೆದುಕೊಂಡು ಸುಮ್ಮನಾಗುತ್ತಿತ್ತು. ನಮ್ಮ ಅಡುಗೆಮನೆ ಅದಕ್ಕೆ ಬೇಕಿರಲಿಲ್ಲ. ಕ್ಯಾಮೆರಾ ಕೇಳುವ ಕೆಲಸವಾದರೆ ನಮ್ಮ ಎಷ್ಟೋ ಮನೆಗಳಲ್ಲಿ ಹುಡುಗಿಯರಿಗೆ ಆ ಕೆಲಸ ಸಿಕ್ಕೂ ಸಿಗದಂತೆ.

ಆದ್ದರಿಂದ ಕೆಲಸಕ್ಕೆ ಸೇರುವ ದಿನವೇ ಕೇಳಿ: ನನ್ನ ಹೆಸರಿನ ಲಾಗಿನ್ ಯಾವುದು? ಕೆಲಸ ಬಿಡುವ ದಿನವೂ ಕೇಳಿ: ನನ್ನ ಲಾಗಿನ್ ಮುಚ್ಚಿದಿರಾ? ಎರಡನ್ನೂ ಬಾಯಿಮಾತಿಗಿಂತ ವಾಟ್ಸಾಪಿನಲ್ಲಿ ಬರೆದು ಕೇಳಿದರೆ ಒಳ್ಳೆಯದು. ಇನ್ನೊಬ್ಬರು ‘ನನ್ನ ಪಾಸ್‌ವರ್ಡಿನಲ್ಲೇ ಹೊಡೆದುಬಿಡು’ ಅಂದರೆ ನಯವಾಗಿ ಬೇಡ ಅನ್ನಿ. ಹೊಸಬರಿಗೆ ಇದು ಕಷ್ಟ, ಆಪಾ ಕೂಡ ಅದನ್ನೇ ಹೇಳಿದರು. ಕೆಲಸ ಬೇಕಾಗಿರುವಾಗ ಷರತ್ತು ಹಾಕುವುದು ಹೇಗೆ? ಅದಕ್ಕೇ ಇದು ಒಬ್ಬೊಬ್ಬರೇ ಕೇಳುವ ಮಾತಾಗಬಾರದು. ನಮ್ಮ ಕಾಲೇಜಿನಿಂದ ಹೋದವರೆಲ್ಲ ಇದನ್ನು ಕೇಳುತ್ತಾರೆ ಎಂಬ ಹೆಸರು ಬಂದರೆ ಆಗ ಯಾರಿಗೂ ಕಷ್ಟವಿಲ್ಲ.

ಆ ಅಭ್ಯಾಸ ನಮ್ಮ ಲ್ಯಾಬಿನಿಂದಲೇ ಶುರುವಾಗಲಿ ಎಂದು ಕಂಪ್ಯೂಟರ್ ವಿಭಾಗದ ಸರ್ ಮತ್ತು ಮೇಡಂ ಅವರಲ್ಲಿ ನನ್ನ ವಿನಂತಿ. ಈಗ ಎಲ್ಲ ಯಂತ್ರಗಳಿಗೂ ಒಂದೇ ಪಾಸ್‌ವರ್ಡ್, ಅದನ್ನು ಬರೆದ ಚೀಟಿ ಗೋಡೆಯ ಮೇಲೇ ಇದೆ. ಪ್ರತಿಯೊಬ್ಬ ವಿದ್ಯಾರ್ಥಿಗೂ ರಿಜಿಸ್ಟರ್ ನಂಬರಿನ ಮೇಲೆ ಒಂದು ಲಾಗಿನ್ ಮಾಡಿಕೊಡಿ, ಟ್ಯಾಲಿ ಕಲಿಸುವಾಗ ಎಡಿಟ್ ಲಾಗ್ ತೆರೆದು ಒಂದು ಪೀರಿಯಡ್ ತೋರಿಸಿ. ಮೊದಲ ವಾರ ಅರ್ಧ ತರಗತಿ ಪಾಸ್‌ವರ್ಡ್ ಮರೆತು ನಿಮ್ಮ ಟೇಬಲಿನ ಮುಂದೆ ಸಾಲು ನಿಲ್ಲುತ್ತದೆ. ಆ ಒಂದು ವಾರ ಸಹಿಸಿಕೊಳ್ಳಿ ಸರ್.